ಹಳೆಯ ಪಟ್ಟಿಗರಗಸಕ್ಕೆ ಹೊಸ ಬೇಲಿ

ಕಳೆದ ತಿಂಗಳು ಈ ಪುಟದಲ್ಲಿ ಕೈಗರಗಸದ ಹಲ್ಲುಗಳನ್ನು ಅರದಿಂದ ತೀಡಿ ಹದಗೊಳಿಸುವ ಕ್ರಮವನ್ನು ವಿವರಿಸಿದ್ದೆವು. ಈ ಸಲ ಅದಕ್ಕಿಂತ ಒಂದು ಮೆಟ್ಟಿಲು ಮೇಲೇರಿ, ಮರಗೆಲಸದಲ್ಲಿ ಆಸಕ್ತಿಯುಳ್ಳ ಗೃಹಸ್ಥರ ಕೈಗೆ ಆಗಾಗ ಬಂದು ಸೇರುವ ಒಂದು ಯಂತ್ರದ ವಿಚಾರವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ. ನಮ್ಮ ಬಡಗಿಗಳು ಬ್ಯಾಂಡ್ ಸಾ ಎಂದು ಕರೆಯುವ, ನಾವು ಇಲ್ಲಿ ಪಟ್ಟಿಗರಗಸವೆಂದು ಹೆಸರಿಸುವ ಯಂತ್ರವೇ ಅದು. ಹೊಸದರ ಬೆಲೆ ಎಲ್ಲರಿಗೂ ಎಟುಕುವಂಥದಲ್ಲ. ಆದುದರಿಂದ ಮುಚ್ಚಿದ ಕಾರ್ಖಾನೆಯಿಂದಲೋ, ಊರು ಬಿಟ್ಟು ಹೋಗುವ ಪರಿಚಿತರಿಂದಲೋ ಹಳೆಯದನ್ನು ಕೊಂಡುಕೊಳ್ಳುವವರೇ ಹೆಚ್ಚು. ಹೀಗೆ ಬಂದ ಯಂತ್ರದಲ್ಲಿ ಮೋಟಾರು ಇರುವುದು, ಚಕ್ರಗಳಿರುವುವು, ಮೇಜು ಇರುವುದು; ಮರವನ್ನು ಆನಿಸಿ ನೇರವಾಗಿ ನೂಕುವುದಕ್ಕೆ ಬೇಕಾದ ಆಸರೆಪಟ್ಟಿಯೊಂದು ಮಾತ್ರ ಬಹುಮಟ್ಟಿಗೆ ಇರುವುದಿಲ್ಲ. ಹಿಂದಿನ ಯಜಮಾನನು ಅದನ್ನು ಕಳೆದಿರುವನು, ಇಲ್ಲವೇ ಮೊದಲಿಗೇ ಕೊಂಡಿರಲಾರನು. ಈ ಆಸರೆಪಟ್ಟಿಗೆ ಇಂಗ್ಲಿಷಿನವರು ಬೇಲಿಯೆಂದೇ ಹೆಸರಿಟ್ಟಿದ್ದಾರೆ. ಹೆಸರು ಚೆನ್ನಾಗಿದೆ, ನಾವೂ ಅದನ್ನೇ ಇಟ್ಟುಕೊಳ್ಳೋಣ.

ಯಂತ್ರದ ಪರಿಚಯವಿಲ್ಲದ ವಾಚಕರಿಗಾಗಿ ಒಂದೆರಡು ಮಾತು. ಒಂದರ ಮೇಲೊಂದು ನಿಂತ ಎರಡು ಚಕ್ರಗಳ ಮೇಲೆ, ಹಲ್ಲುಗಳುಳ್ಳ ಉಕ್ಕಿನ ಪಟ್ಟಿಯೊಂದು ಕೊನೆಮೊದಲಿಲ್ಲದ ಬಳೆಯಂತೆ ಸುತ್ತುತ್ತಿರುವುದು. ನಡುವೆ ಇರುವ ಮೇಜಿನ ಸೀಳಿನ ಮೂಲಕ ಅದು ಸದಾ ಕೆಳಮುಖವಾಗಿ ಹರಿಯುವುದರಿಂದ ಮರವನ್ನು ಮೇಜಿಗೇ ಒತ್ತುವುದು. 1808ರಲ್ಲಿ ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಎಂಬಾತನು ಇಂಥ ಯಂತ್ರಕ್ಕೆ ಪೇಟೆಂಟು ಪಡೆದನು. ಆದರೆ ಪಟ್ಟಿಯ ಎರಡು ತುದಿಗಳನ್ನು ಬಿಡದಂತೆ ಬೆಸೆಯುವ ಉಪಾಯ ಆಗ ತಿಳಿಯದಿದ್ದುದರಿಂದ ಅದು ಬಹುಕಾಲ ಮೂಲೆಗುಂಪಾಗಿಯೇ ಇದ್ದಿತು. 1846ರಲ್ಲಿ ಫ್ರಾನ್ಸಿನ ಆನ್ ಪೋಲಿನ್ ಕ್ರೆಪ್ಯಾಂ ಎಂಬ ಮಹಿಳೆಯು ಬೆಸುಗೆಯ ಕ್ರಮವೊಂದಕ್ಕೆ ಪೇಟೆಂಟು ಪಡೆದ ಮೇಲೆಯೇ ಈ ಗರಗಸವು ಕಾರ್ಖಾನೆಗಳಲ್ಲಿ ನೆಲೆಗೊಂಡಿತು. ಇಂದು ಮನೆಗಳಲ್ಲಿ ಕಾಣುವ ಹಳೆಯ ಯಂತ್ರಗಳಲ್ಲಿ 14 ಅಂಗುಲದ ಚಕ್ರಗಳುಳ್ಳ ಬೀಡುಕಬ್ಬಿಣದ ಮಾದರಿಯು ಹೆಸರಾದುದು. ಅಮೆರಿಕದಲ್ಲಿ ರೂಢಿಗೆ ಬಂದ ಈ ಮಾದರಿಯನ್ನು ತೈವಾನಿನಲ್ಲಿಯೂ ಚೀನದಲ್ಲಿಯೂ ಹೇರಳವಾಗಿ ಮಾಡಿದ್ದಾರೆ. ಅದರ ಪಟ್ಟಿಯ ಉದ್ದ ಸಾಮಾನ್ಯವಾಗಿ ತೊಂಬತ್ತಮೂರೂವರೆ ಅಂಗುಲ. ಸೀಳಬಹುದಾದ ಮರದ ಎತ್ತರ ಸುಮಾರು 6 ಅಂಗುಲ. ನಮ್ಮ ವಿವರಣೆಯೆಲ್ಲ ಈ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದೆ.

ಇಂಥ ಯಂತ್ರದಿಂದ ಗೃಹಸ್ಥನಿಗೆ ಆಗುವ ಮುಖ್ಯವಾದ ಲಾಭವು ಮರದ ಮಿತವ್ಯಯ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಹಿರಿಯರ ಕಾಲದ ಮನೆಯನ್ನು ಕೆಡವಿದಾಗ ತೇಗದ ಬಾಗಿಲಿನ ಹಲಗೆಯೊಂದು ಉಳಿದಿದೆ; ಅದರ ದಪ್ಪ 38 ಮಿ.ಮೀ. ಮನೆಯಲ್ಲಿ ನಾಲ್ವರು ಮಕ್ಕಳು. ಅಜ್ಜನ ಕಾಲದ ಬಾಗಿಲಿನ ಮರದಿಂದ ತಲೆಗೊಂದು ಪೆಟ್ಟಿಗೆ ಮಾಡಿಸಿಕೊಳ್ಳಬೇಕೆಂದು ನಾಲ್ವರಿಗೂ ಆಸೆ. ಪೆಟ್ಟಿಗೆಯ ಮುಚ್ಚಳಕ್ಕೆ 8 ಮಿ.ಮೀ. ದಪ್ಪದ ಹಲಗೆ ಸಾಕು. ವೃತ್ತಗರಗಸದಲ್ಲಿ ಸೀಳಿದರೆ ಒಂದೊಂದು ಸೀಳಿಗೂ ಸುಮಾರು 3 ಮಿ.ಮೀ. ಮರವು ಹುಡಿಯಾಗಿ ಹೋಗುವುದು. ನಾಲ್ಕು ಹಲಗೆಗಳಿಗೆ ಮೂರು ಸೀಳು, ಅಂದರೆ 32 ಮತ್ತು 9, ಒಟ್ಟು 41 ಮಿ.ಮೀ. ಬೇಕು, ಆದುದರಿಂದ ಮೂರೇ ಹಲಗೆ ದೊರೆಯುವುವು. ಪಟ್ಟಿಗರಗಸದ ಸೀಳು ಒಂದೂವರೆ ಮಿ.ಮೀ. ಆದರೆ ಒಟ್ಟು ಮೂವತ್ತಾರೂವರೆ ಮಿ.ಮೀ.ನಲ್ಲಿ ನಾಲ್ಕು ಹಲಗೆಗಳೂ ದೊರೆತು, ಒಂದೂವರೆ ಮಿ.ಮೀ. ಉಳಿತಾಯವೂ ಆಗುವುದು. ಆದರೆ ಈ ಉಳಿತಾಯವೆಷ್ಟು ಸಣ್ಣದೆಂಬುದನ್ನು ವಾಚಕರು ಗಮನಿಸಬೇಕು. ಮರವನ್ನು ನೂಕುವಾಗ ಸೀಳು ಎರಡು ಮಿ.ಮೀ. ಓರೆಯಾಯಿತೆಂದರೆ ನಾಲ್ಕನೆಯ ಮಗುವಿಗೆ ಪೆಟ್ಟಿಗೆಯಿಲ್ಲ. ಆ ಮರವನ್ನು ಮತ್ತೆ ಯಾವ ಅಂಗಡಿಯಿಂದಲೂ ತರುವಂತಿಲ್ಲ. ಬರಿಗೈಯಿಂದ ಗೆರೆ ನೋಡಿ ನೂಕಿ ಇಷ್ಟು ನಿಖರವಾಗಿ ಸೀಳುವುದು ಬಹಳ ವರ್ಷ ಪಳಗಿದವರಿಗೆ ಮಾತ್ರ ಸಾಧ್ಯ. ಉಳಿದವರಿಗೆ ಬೇಲಿ ಬೇಕು.

ಇಲ್ಲಿಯೇ ಹೊಸಬರು ಎಡವುವುದು. ಮೇಜಿನ ಅಂಚಿಗೆ ಮೂಲೆಮಟ್ಟವಿಟ್ಟು, ನೇರವಾದ ಮರದ ಪಟ್ಟಿಯೊಂದನ್ನು ಬಿಗಿದು, ‘ಇನ್ನು ಸೀಳು ನೇರವಾಗಲೇಬೇಕು’ ಎಂದು ಅವರು ತಿಳಿಯುತ್ತಾರೆ. ವೃತ್ತಗರಗಸದಲ್ಲಿ ಈ ನಂಬಿಕೆ ಸರಿ. ಅಲ್ಲಿ ಅಲಗು ಬಿರುಸಾದ ತಟ್ಟೆ, ತನ್ನ ನೇರವನ್ನು ಬಿಟ್ಟು ಕದಲದು. ಪಟ್ಟಿಗರಗಸದ ಅಲಗಾದರೋ ಅರ್ಧ ಮಿ.ಮೀ.ನಷ್ಟು ತೆಳುವಾದ ಉಕ್ಕಿನ ನಾಡ. ಎರಡು ಚಕ್ರಗಳ ನಡುವೆ ಬಿಗಿದ ತಂಬೂರಿಯ ತಂತಿಯಂತಿರುವುದು. ಅದರ ಎಡಗಡೆಯ ಹಲ್ಲುಗಳು ಬಲಗಡೆಯವಕ್ಕಿಂತ ತುಸು ಹರಿತವಾಗಿದ್ದರೆ ಅದು ಎಡಕ್ಕೆ ಎಳೆಯುವುದು. ಬಲಗಡೆಯವು ಹರಿತವಾಗಿದ್ದರೆ ಬಲಕ್ಕೆ. ಚಕ್ರದ ಮೇಲೆ ಪಟ್ಟಿಯು ಮುಂದಕ್ಕೋ ಹಿಂದಕ್ಕೋ ಸರಿದು ಓಡುತ್ತಿದ್ದರೂ ಅದರ ಮೂತಿ ಒಂದು ಕಡೆಗೆ ತಿರುಗಿರುವುದು. ಹೀಗೆ ಪಟ್ಟಿಯು ಮರದೊಳಗೆ ತಾನಾಗಿ ಹಿಡಿಯುವ ದಾರಿಯು ಮೇಜಿನ ನೇರಕ್ಕೆ ಒಂದು ಎರಡು ಡಿಗ್ರಿ ಓರೆಯಾಗಿರಬಹುದು. ಇದಕ್ಕೆ ಪಟ್ಟಿಯ ಓಲು ಎನ್ನೋಣ. ಒಂದು ಡಿಗ್ರಿಯೆಂದರೆ ಅಲ್ಪವೆಂದು ತೋರುವುದು. ಆದರೆ ಎರಡಡಿ ಉದ್ದದ ಹಲಗೆಯಲ್ಲಿ ಅದು ಹತ್ತು ಮಿ.ಮೀ.ಗೂ ಮಿಕ್ಕುವುದು.

ಪಟ್ಟಿಯು ಒಂದು ದಾರಿಯಲ್ಲಿ ಹೋಗುತ್ತೇನೆನ್ನುವಾಗ ಬೇಲಿಯು ಮರವನ್ನು ಇನ್ನೊಂದು ದಾರಿಗೆ ನೂಕಿದರೆ ಏನಾಗುವುದು? ಮರವು ಬೇಲಿಯನ್ನು ಬಿಟ್ಟು ದೂರ ಸರಿಯುವುದು. ಇಲ್ಲವೇ ಬೇಲಿಗೂ ಪಟ್ಟಿಗೂ ನಡುವೆ ಸಿಕ್ಕಿಕೊಂಡು, ಬಿಸಿಯಾಗಿ, ಸುಟ್ಟ ವಾಸನೆ ಹೊಡೆಯುವುದು. ಪಟ್ಟಿಯು ಮರದೊಳಗೆ ಬಿಲ್ಲಿನಂತೆ ಬಾಗಿ, ಸೀಳಿದ ಹಲಗೆಯ ಹೊಟ್ಟೆ ಒಂದು ಕಡೆ ಉಬ್ಬಿ ಒಂದು ಕಡೆ ತಗ್ಗುವುದು. ಮರವನ್ನು ಕಾಯಬೇಕಾದ ಬೇಲಿಯೇ ಮರವನ್ನು ಕೆಡಿಸಿತು. ಬೇಲಿಯೇ ಎದ್ದು ಹೊಲವನ್ನು ಮೇದಂತಾಯಿತು. ಆದುದರಿಂದ ಈ ಲೇಖನದಲ್ಲಿ ನಾವು ಹೇಳಬೇಕಾದ ಮುಖ್ಯ ಮಾತು ಒಂದೇ: ಪಟ್ಟಿಗರಗಸದಲ್ಲಿ ಪಟ್ಟಿಯು ಬೇಲಿಗೆ ವಿಧೇಯವಾಗಿರುವುದಿಲ್ಲ, ಬೇಲಿಯೇ ಪಟ್ಟಿಗೆ ವಿಧೇಯವಾಗಿರಬೇಕು. ಮೊದಲು ಪಟ್ಟಿಯನ್ನು ಸ್ವಸ್ಥಗೊಳಿಸಿ, ಅದು ಹೋಗುವ ದಾರಿಯನ್ನು ತಿಳಿದು, ಆಮೇಲೆ ಆ ದಾರಿಗೆ ಸಮನಾಗಿ ಬೇಲಿಯನ್ನು ನಿಲ್ಲಿಸತಕ್ಕದ್ದು.

ಹಳೆಯ ಯಂತ್ರವನ್ನು ಸ್ವಸ್ಥಗೊಳಿಸುವ ಕ್ರಮ ಹೀಗೆ. ಮೊಟ್ಟಮೊದಲು ವಿದ್ಯುತ್ತಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣಿಗೆ ಕಾಣುವಂತೆ ಮೇಜಿನ ಮೇಲೆ ಇಡಬೇಕು. ಗುಂಡಿಯನ್ನು ಆರಿಸಿದರೆ ಸಾಲದು. ಮುಚ್ಚಳಗಳನ್ನು ತೆರೆದು ಚಕ್ರಗಳ ಅಂಚಿನ ರಬ್ಬರನ್ನು ಉಗುರಿನಿಂದ ಒತ್ತಿ ನೋಡಿರಿ. ಉಗುರಿಗೆ ಸ್ವಲ್ಪವೂ ಬಗ್ಗದೆ ಕಲ್ಲಿನಂತಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಅದನ್ನು ಬದಲಾಯಿಸಬೇಕು. ಅದರ ಮೇಲೆ ಅಂಟು ಬೆರೆತ ಮರದ ಹುಡಿ ಹೆಪ್ಪುಗಟ್ಟಿದ್ದರೆ ಮರದ ಚಕ್ಕೆಯಿಂದ ಕೆರೆದು ತೆಗೆಯಬೇಕು. ಯಂತ್ರದ ಅದುರಾಟದಲ್ಲಿ ಒಂದು ಪಾಲು ಅಷ್ಟರಿಂದಲೇ ನಿಲ್ಲುವುದುಂಟು. ಚಕ್ರಗಳನ್ನು ಕೈಯಿಂದ ತಿರುಗಿಸಿ ಬೇರಿಂಗುಗಳ ಸದ್ದನ್ನು ಕೇಳಿರಿ. ಗರಗರ ಎಂದರೆ ಅವನ್ನೂ ಬದಲಿಸುವುದು ಲೇಸು.

ಎರಡನೆಯದು ಪಟ್ಟಿ. ಯಂತ್ರದೊಡನೆ ಬಂದ ಹಳೆಯ ಪಟ್ಟಿಯನ್ನು ನೆಚ್ಚಿ ಬೇಲಿಯನ್ನು ಹೊಂದಿಸುವುದು ವ್ಯರ್ಥ. ಅದರ ಹಲ್ಲುಗಳು ಯಾವ ಪಕ್ಕಕ್ಕೆ ಎಷ್ಟು ಸವೆದಿವೆಯೆಂದು ಬರಿಗಣ್ಣಿಗೆ ತಿಳಿಯದು. ಬೇಲಿಗೆ ಹಣ ಹಾಕುವ ಮುನ್ನ ಹೊಸ ಪಟ್ಟಿಗೆ ಹಣ ಹಾಕಬೇಕು. ದಪ್ಪ ಮರವನ್ನು ಹಲಗೆಯಾಗಿ ಸೀಳಲು ಅರ್ಧ ಅಂಗುಲ ಅಗಲದ, ಅಂಗುಲಕ್ಕೆ ಮೂರು ಹಲ್ಲುಗಳುಳ್ಳ ಪಟ್ಟಿ ತಕ್ಕುದು. ಸಣ್ಣ ಹಲ್ಲಿನ ಪಟ್ಟಿಯು ಸೀಳನ್ನು ನುಣುಪಾಗಿ ಮಾಡುವುದೆಂದು ಅದನ್ನು ಇಲ್ಲಿ ಹಾಕಬಾರದು. ಹಲ್ಲುಸಂದುಗಳಲ್ಲಿ ಹುಡಿ ತುಂಬಿಕೊಂಡು ಪಟ್ಟಿಯು ದಾರಿ ತಪ್ಪುವುದು. ತೇಗದ ಮರದಲ್ಲಿ ಸಿಲಿಕದ ಅಂಶವಿರುವುದರಿಂದ ಅದು ಹಲ್ಲನ್ನು ಬೇಗ ಮೊಂಡು ಮಾಡುವುದೆಂಬುದನ್ನೂ ನೆನಪಿನಲ್ಲಿಡಬೇಕು.

ಮೂರನೆಯದು ಪಟ್ಟಿಯ ಓಟ. ಪಟ್ಟಿಯನ್ನು ಬಿಗಿದು, ಮೇಲಿನ ಚಕ್ರವನ್ನು ಕೈಯಿಂದ ತಿರುಗಿಸುತ್ತ, ಅದನ್ನು ವಾಲಿಸುವ ತಿರುಪನ್ನು ಸ್ವಲ್ಪಸ್ವಲ್ಪವಾಗಿ ಆಡಿಸಿರಿ. ಈ ಮಾದರಿಯ ಚಕ್ರದ ಅಂಚು ನಡುವೆ ಸ್ವಲ್ಪ ಉಬ್ಬಿರುವುದು. ಹಲ್ಲುಸಂದಿನ ತಳವು ಆ ಉಬ್ಬಿನ ನಡುಗೆರೆಯ ಮೇಲೆ ಓಡುವಂತೆ ಮಾಡಿದರೆ ಓಲು ಬಹಳಮಟ್ಟಿಗೆ ತಗ್ಗುವುದೆಂದು ಅನುಭವಿಗಳು ಅನೇಕರು ಹೇಳುತ್ತಾರೆ; ಮಾಡಿ ನೋಡಲು ಖರ್ಚೇನೂ ಇಲ್ಲ. ಬಳಿಕ ಪಟ್ಟಿಯ ಎರಡು ಪಕ್ಕಗಳಲ್ಲಿರುವ ಹಿಡಿತದ ತುಂಡುಗಳನ್ನು ಒಂದು ಕಾಗದದಷ್ಟು ಸಂದು ಬಿಟ್ಟು ನಿಲ್ಲಿಸಬೇಕು. ಅವು ಹಲ್ಲಿಗೆ ತಾಗದೆ, ಹಲ್ಲುಸಂದಿಗೆ ತುಸು ಹಿಂದೆ ಇರಬೇಕು. ಪಟ್ಟಿಯ ಬೆನ್ನಿಗಿರುವ ಬೇರಿಂಗು ಸುಮ್ಮನೆ ಓಡುವಾಗ ತಾಗಬಾರದು; ಮರವನ್ನು ಒತ್ತಿದಾಗ ಮಾತ್ರ ತಾಗಿ ತಿರುಗಬೇಕು. ಕೊನೆಗೆ, ಮೇಜಿನ ಮೇಲೆ ಮೂಲೆಮಟ್ಟವನ್ನಿಟ್ಟು ಪಟ್ಟಿಯು ಮೇಜಿಗೆ ಸರಿಯಾಗಿ ಲಂಬವಾಗಿದೆಯೇ ಎಂದು ಪರೀಕ್ಷಿಸಬೇಕು. ಕೆಲವರಿಗೆ ಇಷ್ಟು ಮಾಡಿದ ಮೇಲೆ ಓಲೇ ಇಲ್ಲದೆ ಹೋಗುವುದು. ಅಂಥವರು ಬೇಲಿಯನ್ನು ಮೇಜಿನ ಉದ್ದಗಾಡಿಗೆ ಸಮನಾಗಿ ನಿಲ್ಲಿಸಿ ನೆಮ್ಮದಿಯಿಂದಿರಬಹುದು.

ಉಳಿದವರು ಪಟ್ಟಿಯ ದಾರಿಯನ್ನು ಹೀಗೆ ಕಂಡುಹಿಡಿಯಬೇಕು. ಎರಡಡಿ ಉದ್ದದ, ಒಂದಂಚು ನೇರವಾಗಿ ತೋಪಡ ಹಿಡಿದ ಬೇಡವಾದ ಹಲಗೆಯೊಂದನ್ನು ತೆಗೆದುಕೊಂಡು, ಆ ಅಂಚಿಗೆ ಸಮನಾಗಿ ಸೀಸದಕಡ್ಡಿಯಿಂದ ಒಂದು ಗೆರೆಯೆಳೆಯಿರಿ. ಯಂತ್ರವನ್ನು ಓಡಿಸಿ, ಬೇಲಿಯಿಲ್ಲದೆ ಬರಿಗೈಯಿಂದ, ಆ ಗೆರೆಯ ಮೇಲೆಯೇ ಸೀಳು ಹೋಗುವಂತೆ ನಿಧಾನವಾಗಿ ನೂಕಿರಿ. ಮೊದಲು ಸ್ವಲ್ಪ ತಡಕಾಡಬೇಕಾಗುವುದು; ಅರ್ಧದ ಹೊತ್ತಿಗೆ ಪಟ್ಟಿಯು ತಂಟೆಯಿಲ್ಲದೆ ಗೆರೆಯನ್ನು ಹಿಡಿದು ಸಾಗುವ ಒಂದು ಓರೆ ಕೈಗೆ ತಾನಾಗಿ ತಿಳಿಯುವುದು. ಅಲ್ಲಿ ನಿಲ್ಲಿಸಿ, ಹಲಗೆಯನ್ನು ಕದಲದಂತೆ ಹಿಡಿದುಕೊಂಡೇ ಯಂತ್ರವನ್ನು ಆರಿಸಿರಿ. ಪಟ್ಟಿಯು ಪೂರ್ಣವಾಗಿ ನಿಂತ ಮೇಲೆ ಹಲಗೆಯ ನೇರ ಅಂಚಿನ ಗುಂಟ ಮೇಜಿನ ಮೇಲೆ ಗೆರೆಯೆಳೆಯಿರಿ. ಅಥವಾ ಓರೆಮಟ್ಟದಿಂದ ಮೇಜಿನ ಮುಂದಿನ ಅಂಚಿಗೂ ಆ ಗೆರೆಗೂ ಇರುವ ಕೋನವನ್ನು ಹಿಡಿದಿಡಿರಿ. ಬೇಲಿಯು ನಿಲ್ಲಬೇಕಾದ ದಿಕ್ಕು ಇದೇ. ಪಟ್ಟಿಯನ್ನು ಬದಲಿಸಿದಾಗಲೆಲ್ಲ ಈ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಆದಕಾರಣ ನಾವು ಮಾಡುವ ಬೇಲಿಯು ಒಂದೇ ಕೋನಕ್ಕೆ ಬಿಗಿದಿರದೆ, ಎರಡು ಮೂರು ಡಿಗ್ರಿಯಷ್ಟು ಅತ್ತಿತ್ತ ತಿರುಗುವಂತಿರಬೇಕು. ಅಂಗಡಿಯಲ್ಲಿ ಸಿದ್ಧವಾದುದನ್ನು ಕೊಳ್ಳುವವರೂ ಈ ಅನುಕೂಲವಿದೆಯೇ ಎಂದು ನೋಡಿಯೇ ಹಣ ಕೊಡಬೇಕು.

ಇನ್ನು ಬೇಲಿಯನ್ನು ಮಾಡುವ ವಿಧಾನ. ಇದಕ್ಕೆ ಮೂರು ಅಂಗಗಳು: ಮೇಜಿನ ಮುಂದಿನ ಅಂಚಿಗೆ ಬಿಗಿಯುವ ಹಳಿ, ಹಳಿಯ ಮೇಲೆ ಜಾರುವ ತಲೆ, ತಲೆಗೆ ಕೂಡಿಸಿದ ದಂಡ.

ಹಳಿಗೆ 40 ಮಿ.ಮೀ. ಅಗಲದ ಎರಡು ಪಕ್ಕಗಳುಳ್ಳ, 5 ಮಿ.ಮೀ. ದಪ್ಪದ, 500 ಮಿ.ಮೀ. ಉದ್ದದ ಅಲ್ಯೂಮಿನಿಯಂ ಆಂಗಲ್ಲು ಸಾಕು. ಒಂದು ಪಕ್ಕವು ಮೇಜಿನ ಅಂಚಿಗೆ ಅಂಟಿ ಕೆಳಕ್ಕೆ ಇಳಿದಿರಲಿ. ಇನ್ನೊಂದು ಪಕ್ಕವು ನಮ್ಮ ಕಡೆಗೆ ಜಗಲಿಯಂತೆ ಚಾಚಿರಲಿ. ಈ ಜಗಲಿಯು ಮೇಜಿನ ಮೇಲ್ಮೈಗಿಂತ 12 ಮಿ.ಮೀ. ಕೆಳಗಿರಬೇಕು. ಏಕೆಂದರೆ ಮೇಜಿನಲ್ಲಿ ಸಾಮಾನ್ಯವಾಗಿ ಮುಕ್ಕಾಲಂಗುಲ ಅಗಲದ, ಸುಮಾರು ಹತ್ತು ಮಿ.ಮೀ. ಆಳದ ಒಂದು ಉದ್ದಗಾಡಿಯಿರುವುದು. ಹಳಿಯು ಅದರ ಬಾಯನ್ನು ಮುಚ್ಚಬಾರದು. ಮೇಜಿನ ಅಂಚಿನಲ್ಲಿ ತಯಾರಕರೇ ಕೊರೆದ ತಿರುಪಿನ ತೂತುಗಳಿದ್ದರೆ ಅವನ್ನೇ ಬಳಸಬೇಕು. ಇಲ್ಲದಿದ್ದರೆ ಎರಡು ಕಡೆ 5 ಮಿ.ಮೀ. ಬೈರಿಗೆಯಿಂದ ಕೊರೆದು, 6 ಮಿ.ಮೀ. ಬೋಲ್ಟಿಗೆ ಟ್ಯಾಪು ಹಾಕಬೇಕು. ಬೀಡುಕಬ್ಬಿಣವನ್ನು ಎಣ್ಣೆಯಿಲ್ಲದೆ ಒಣಗಿದಂತೆಯೇ ಕೊರೆಯಬಹುದು. ಅದರೊಳಗಿನ ಗ್ರಾಫೈಟೇ ಎಣ್ಣೆಯ ಕೆಲಸ ಮಾಡುವುದು. ಹಳಿಯ ತೂತುಗಳು 8 ಮಿ.ಮೀ. ಇರಲಿ, ಆ ಸಡಿಲದಿಂದ ಹಳಿಯನ್ನು ಮೇಜಿಗೆ ಸಮತಲವಾಗಿ ಹೊಂದಿಸಬಹುದು. ಪಟ್ಟಿಯನ್ನು ಒಳಕ್ಕೆ ತೂರಿಸುವ ಸೀಳು ಕೆಲವು ಮೇಜುಗಳಲ್ಲಿ ಬಲಪಕ್ಕಕ್ಕೂ ಕೆಲವುಗಳಲ್ಲಿ ಮುಂದಕ್ಕೂ ಇರುವುದು. ಮುಂದಕ್ಕಿದ್ದರೆ ಪಟ್ಟಿ ಬದಲಿಸುವಾಗ ಹಳಿಯನ್ನು ಬಿಚ್ಚಬೇಕಾಗುವುದು. ಆದುದರಿಂದ ಅಲ್ಲಿ ಕೈಯಿಂದಲೇ ತಿರುಗಿಸಬಹುದಾದ ಹಿಡಿಯುಳ್ಳ ಬೋಲ್ಟುಗಳನ್ನು ಹಾಕುವುದು ಜಾಣತನ.

ತಲೆಗೆ 12 ಮಿ.ಮೀ. ದಪ್ಪದ ಒಳ್ಳೆಯ ಪ್ಲೈವುಡ್ಡಿನ ತುಂಡು, 200 ಮಿ.ಮೀ. ಉದ್ದ, 60 ಮಿ.ಮೀ. ಅಗಲ. ಅದು ಹಳಿಯ ಜಗಲಿಯ ಮೇಲೆ ಕುಳಿತಾಗ ಮೇಜಿನ ಮಟ್ಟಕ್ಕೆ ಬರುವುದು. ಜಗಲಿಯ ಹೊರಗಿನ ಅಂಚಿಗೆ ಸರಿಯಾಗಿ ಒತ್ತಿ ಕೂರುವಂತೆ, ತಲೆಯ ಕೆಳಗೆ, ಅದರಷ್ಟೇ ಉದ್ದದ ಗಟ್ಟಿಮರದ ತುಟಿಯೊಂದನ್ನು ಅಂಟಿಸಿ ತಿರುಪು ಹಾಕಿರಿ. ಬೇಲಿಯ ನೇರವೆಲ್ಲವೂ ಈ ತುಟಿಯ ಮೇಲೆ ನಿಂತಿರುವುದರಿಂದ ಅದನ್ನು ತೋಪಡದಿಂದ ಚೆನ್ನಾಗಿ ನೇರಮಾಡಬೇಕು. ತುಟಿಯ ತಳಕ್ಕೆ ಒಂದು ನಾಲಗೆಯನ್ನು ಜೋಡಿಸಿ, ಅದು ಜಗಲಿಯ ಅಡಿಗೆ ಚಾಚುವಂತೆ ಮಾಡಿರಿ. ನಾಲಗೆಯಲ್ಲಿ ನಟ್ಟೊಂದನ್ನು ಕೂರಿಸಿ, ಕೆಳಗಿನಿಂದ ಹಿಡಿಯುಳ್ಳ ತಿರುಪನ್ನು ಹಾಕಿದರೆ, ಅದನ್ನು ಬಿಗಿದಾಗ ತಲೆಯು ಹಳಿಯನ್ನು ಇಕ್ಕಳದಂತೆ ಕಚ್ಚಿಕೊಳ್ಳುವುದು.

ದಂಡಕ್ಕೆ 18 ಮಿ.ಮೀ. ಪ್ಲೈವುಡ್ಡಿನ ಎರಡು ಪದರಗಳನ್ನು ಅಂಟಿಸಿಕೊಳ್ಳಬಹುದು. ಅಥವಾ ಚೆನ್ನಾಗಿ ಒಣಗಿದ ಹಳೆಯ ತೇಗವನ್ನು ಉಪಯೋಗಿಸಬಹುದು. ಹಸಿಮರವು ಎಂದಿಗೂ ಆಗದು; ಮಳೆಗಾಲ ಬೇಸಗೆಗಳಲ್ಲಿ ಅದು ಒಂದೊಂದು ಬಗೆಯಾಗಿ ತಿರುಚಿಕೊಳ್ಳುವುದು. ದಂಡದ ಮುಂತುದಿಯಲ್ಲಿ ಅಗಲವಾದ ಪಾದವೊಂದನ್ನು ಕೂಡಿಸಿ, ಆ ಪಾದವನ್ನು ತಲೆಯ ಮೇಲೆ ಎರಡು 6 ಮಿ.ಮೀ. ಬೋಲ್ಟುಗಳಿಂದ ಬಿಗಿಯಬೇಕು. ಬೋಲ್ಟುಗಳ ನಡುವಣ ಅಂತರ ಹಳಿಯ ಗುಂಟ 100 ಮಿ.ಮೀ. ಇರಲಿ. ತಲೆಯಲ್ಲಿ ಎರಡೂ ತೂತುಗಳು ದುಂಡಗಿರಲಿ. ಬೋಲ್ಟಿನ ತಲೆಗಳು ಹಳಿಗೆ ಉಜ್ಜದಂತೆ ಕೆಳಗಿನಿಂದ ಪ್ಲೈವುಡ್ಡಿನೊಳಗೆ ಮುಳುಗಿರಲಿ. ಪಾದದಲ್ಲಿ ಒಂದು ತೂತು ದುಂಡಗೆ. ಇನ್ನೊಂದು ದಂಡದ ದಿಕ್ಕಿಗೆ 18 ಮಿ.ಮೀ. ಉದ್ದದ ಸೀಳು. ಮೊದಲನೆಯದರ ಸುತ್ತ ದಂಡವನ್ನು ತಿರುಗಿಸಿ ಎರಡನೆಯದನ್ನು ಬಿಗಿದರೆ, ಎರಡು ಕಡೆಗೂ ಸುಮಾರು 3 ಡಿಗ್ರಿಯಷ್ಟು ಹೊಂದಾಣಿಕೆ ದೊರೆಯುವುದು. ಓರೆಮಟ್ಟದಲ್ಲಿ ಹಿಡಿದಿಟ್ಟ ಕೋನವನ್ನು ಇಲ್ಲಿಗೆ ತಂದು ಒಪ್ಪಿಸಿರಿ. ದಂಡದ ತಳವು ಮೇಜಿಗೆ ಉಜ್ಜದಂತೆ ಒಂದು ಕಾಗದದ ದಪ್ಪದಷ್ಟು ಮೇಲಿರಲಿ.

ದಂಡದ ಪಕ್ಕಕ್ಕೆ 100 ಮಿ.ಮೀ. ಎತ್ತರದ ಪ್ಲೈವುಡ್ಡಿನ ಮುಖವನ್ನು ತಿರುಪುಗಳಿಂದ ಜೋಡಿಸಬೇಕು. ತಿರುಪಿನ ತಲೆಗಳು ಮುಖದೊಳಗೆ ಮುಳುಗಿರಬೇಕು. ಮುಖವು ಮೇಜಿಗೆ ಲಂಬವಾಗಿರದಿದ್ದರೆ ನಡುವೆ ಕಾಗದದ ಪದರಗಳನ್ನು ತುರುಕಿ ಸರಿಪಡಿಸಿರಿ. ಮುಖದ ಕೆಳಗೆ 3 ಮಿ.ಮೀ. ಸಂದು ಬಿಟ್ಟರೆ ಹುಡಿಯು ಮೂಲೆಯಲ್ಲಿ ಕೂತು ಮರವನ್ನು ಎತ್ತಿಹಿಡಿಯುವುದು ತಪ್ಪುವುದು. ಕೊನೆಗೆ ಒಂದು ಸಲ ಮೇಣ ತಿಕ್ಕಿದರೆ ಮರವು ಸರಾಗವಾಗಿ ಜಾರುವುದು.

ನಮ್ಮ ಉದಾಹರಣೆಯ ಬಾಗಿಲಿನ ಹಲಗೆಯನ್ನು ಸೀಳುವಾಗ ಅದು ಅಂಚಿನ ಮೇಲೆ ನಿಂತಿರುವುದರಿಂದ ಬೇಲಿಯ ಎತ್ತರ ಸಾಲದೆ ಬರಬಹುದು. ಅದಕ್ಕಾಗಿ 150 ಮಿ.ಮೀ. ಎತ್ತರದ ಇನ್ನೊಂದು ಮುಖವನ್ನು ಮಾಡಿಟ್ಟುಕೊಂಡು, ಬೇಕಾದಾಗ ಬದಲಿಸಬೇಕು. ಎತ್ತರವಾದ ಬೇಲಿಯು ಒತ್ತಿದಾಗ ಹಿಂತುದಿಯಲ್ಲಿ ಬಾಗುವುದರಿಂದ ಅಲ್ಲಿ ಒಂದು ಇಕ್ಕಳವನ್ನು ಹಾಕಿ ಮೇಜಿಗೆ ಬಿಗಿಯಬೇಕು. ಕೆಲವು ಮರಗಳು ಸೀಳಿದ ಕೂಡಲೇ ಒಳಗಿನ ಎಳೆತದಿಂದ ಬಾಯಿಬಿಟ್ಟು ಬೇಲಿಯನ್ನು ಒತ್ತುವುವು. ಅಂಥ ಮರಕ್ಕೆ ಪಟ್ಟಿಯನ್ನು ದಾಟಿ ಒಂದೆರಡು ಅಂಗುಲಕ್ಕೇ ಮುಗಿಯುವ ಮೊಟಕು ಮುಖವು ಮೇಲು. ಇನ್ನೂ ಸುಲಭವಾದ ಉಪಾಯವೊಂದಿದೆ: ಮುಂದಣ ಅಂಚನ್ನು ದುಂಡಗೆ ಮಾಡಿದ ನೆಟ್ಟನೆಯ ದಿಮ್ಮಿಯೊಂದನ್ನು ಬೇಲಿಗೆ ಬದಲಾಗಿ ಪಟ್ಟಿಯ ಹಲ್ಲಿನ ನೇರಕ್ಕೆ ಬಿಗಿಯುವುದು. ಅದು ಮರಕ್ಕೆ ಒಂದೇ ಬಿಂದುವಿನಲ್ಲಿ ಆಸರೆ ಕೊಡುವುದು. ದಪ್ಪವನ್ನು ದಿಮ್ಮಿ ಕಾಯುವುದು, ದಿಕ್ಕನ್ನು ನಮ್ಮ ಕೈ ಕಾಯುವುದು. ಪಟ್ಟಿಯ ಓಲು ಎಷ್ಟೇ ಇರಲಿ, ನೂಕುವಾಗಲೇ ಅದಕ್ಕೆ ತಕ್ಕಂತೆ ಮರವನ್ನು ತಿರುಗಿಸಿಕೊಳ್ಳಬಹುದು. ಆದರೆ ಇದಕ್ಕೆ ಕೈ ಪಳಗಿರಬೇಕು. ಹೊಸಬರಿಗೆ ಉದ್ದವಾದ ಬೇಲಿಯೇ ಸರಿ.

ಬೆಲೆಬಾಳುವ ಮರವನ್ನು ಮುಟ್ಟುವ ಮುನ್ನ ಸಾಧಾರಣ ಮರದಲ್ಲಿ ಪರೀಕ್ಷೆ ನಡೆಯಬೇಕು. ಸಿಲ್ವರ್ ಓಕಿನ ತುಂಡೊಂದನ್ನು ಸೀಳಿ, ಹಲಗೆಯ ಎರಡು ತುದಿಗಳ ದಪ್ಪವನ್ನೂ, ಮೇಲಂಚು ಕೆಳಂಚುಗಳ ದಪ್ಪವನ್ನೂ ಅಳೆಯಿರಿ. ಮರವು ಬೇಲಿಯಿಂದ ದೂರ ಸರಿಯಲು ಹವಣಿಸಿದರೂ, ಬೇಲಿಗೂ ಪಟ್ಟಿಗೂ ನಡುವೆ ಬಿಗಿದು ನಿಂತರೂ, ಕೋನವನ್ನು ಕೂದಲೆಳೆಯಷ್ಟು ತಿದ್ದಬೇಕು. ಮೇಲಿನ ದಪ್ಪವೂ ಕೆಳಗಿನ ದಪ್ಪವೂ ಬೇರೆಬೇರೆಯಾದರೆ ಲಂಬವು ತಪ್ಪಿದೆ. ಮೇಲೂ ಕೆಳಗೂ ಸರಿಯಿದ್ದು ನಡುವೆ ಹೊಟ್ಟೆ ಉಬ್ಬಿದ್ದರೆ ದೋಷವು ಬೇಲಿಯದಲ್ಲ. ಪಟ್ಟಿಯ ಬಿಗಿ ಸಾಲದು, ಅಥವಾ ಹಲ್ಲು ಮೊಂಡಾಗಿದೆ, ಅಥವಾ ನೂಕುವ ಕೈಗೆ ಅವಸರ ಹೆಚ್ಚು. ಹಳೆಯ ಮನೆಯ ಮರವನ್ನು ಸೀಳುವವರು ಇನ್ನೊಂದು ಎಚ್ಚರವನ್ನೂ ವಹಿಸಬೇಕು. ಅದರೊಳಗೆ ಮುರಿದ ಮೊಳೆಗಳು ಅಡಗಿರುವುವು. ಬಲವಾದ ಅಯಸ್ಕಾಂತವನ್ನು ದಾರದಲ್ಲಿ ಕಟ್ಟಿ ಹಲಗೆಯ ಮೇಲೆಲ್ಲ ಆಡಿಸಿದರೆ ಕಬ್ಬಿಣವಿದ್ದಲ್ಲಿ ಅದು ವಾಲುವುದು. ಹಿತ್ತಾಳೆಯ ಮೊಳೆಗೆ ಅಯಸ್ಕಾಂತ ತೋರದು. ಅದನ್ನು ಕಣ್ಣೇ ಹುಡುಕಬೇಕು.

ಮರದ ಮಾತಾಯಿತು, ಇನ್ನು ಬೆರಳಿನ ಮಾತು. ಪಟ್ಟಿಗರಗಸವು ವೃತ್ತಗರಗಸದಂತೆ ಮರವನ್ನು ಎತ್ತಿ ಮೈಮೇಲೆ ಎಸೆಯುವುದಿಲ್ಲವೆಂಬುದು ನಿಜ. ಈ ಸೌಮ್ಯತೆಯೇ ಅಪಾಯಕ್ಕೆ ದಾರಿ. ಸದ್ದು ಕಡಿಮೆ, ಒದೆತವಿಲ್ಲ, ಮನುಷ್ಯನು ಮೈಮರೆಯುತ್ತಾನೆ. ಸೀಳು ಮುಗಿಯುವ ಕ್ಷಣದಲ್ಲಿ ಮರದ ತಡೆ ಒಮ್ಮೆಲೇ ಇಲ್ಲವಾಗಿ, ನೂಕುತ್ತಿದ್ದ ಕೈಯು ಮುಂದಕ್ಕೆ ಜಾರುವುದು. ಬೇಲಿಯಿರುವಾಗ ಈ ಕಂಟಕವು ಇನ್ನೊಂದು ಬಗೆಯದಾಗುವುದು: ಬೇಲಿಗೂ ಪಟ್ಟಿಗೂ ನಡುವೆ 8 ಮಿ.ಮೀ. ಸ್ಥಳವಿರುವಲ್ಲಿ ಬೆರಳಿಗೆ ಜಾಗವೇ ಇಲ್ಲ. ಆದುದರಿಂದ ಬೇಲಿಯನ್ನು ಮಾಡಿದ ದಿನವೇ ನೂಕುಗೋಲನ್ನೂ ಮಾಡಿ, ಯಂತ್ರಕ್ಕೇ ತೂಗುಹಾಕಬೇಕು. ಕೊನೆಯ ಅರ್ಧ ಅಡಿಯನ್ನು ಕೋಲಿನಿಂದಲೇ ನೂಕಬೇಕು. ಪಟ್ಟಿಯ ಮೇಲಣ ಕಾಪನ್ನು ಮರಕ್ಕಿಂತ ಕಾಲಂಗುಲಕ್ಕೆ ಹೆಚ್ಚು ಎತ್ತರದಲ್ಲಿ ಇರಿಸಬಾರದು. ದುಂಡಗಿನ ಕೊಂಬೆಯನ್ನು ಬರಿದೇ ಬೇಲಿಗೆ ಆನಿಸಿ ಸೀಳಬಾರದು. ಅದು ಉರುಳಿ ಕೈಯನ್ನು ಎಳೆದುಕೊಳ್ಳುವುದು. ಕೈಚೀಲವನ್ನು ತೊಡಬಾರದು, ಸೆರಗು, ಉತ್ತರೀಯ, ಸಡಿಲವಾದ ತೋಳು, ಬಿಚ್ಚುಗೂದಲು, ಇವು ಯಂತ್ರದ ಬಳಿ ಸುಳಿಯಬಾರದು. ಗುಂಡಿಯನ್ನು ಆರಿಸಿದ ಮೇಲೂ ಚಕ್ರಗಳು ಕೆಲಹೊತ್ತು ಸದ್ದಿಲ್ಲದೆ ತಿರುಗುತ್ತಿರುವುವೆಂಬುದನ್ನು ಮನೆಯ ಮಕ್ಕಳಿಗೆ ಕಣ್ಣಾರೆ ತೋರಿಸಿ ತಿಳಿಯಹೇಳಬೇಕು. ಮೂಗಿಗೆ ಮುಖವಾಡವನ್ನೂ ಕಣ್ಣಿಗೆ ಕನ್ನಡಕವನ್ನೂ ಧರಿಸುವುದು ಆಡಂಬರವಲ್ಲ. ಮರದ ಹುಡಿಯನ್ನು ಬಹುಕಾಲ ಉಸಿರಾಡುವುದರಿಂದ ಮೂಗಿನ ಕ್ಯಾನ್ಸರು ಬರಬಹುದೆಂಬುದು ವೈದ್ಯರು ಒಪ್ಪಿದ ಸಂಗತಿ.

ಇಷ್ಟೆಲ್ಲ ಮಾಡಲು ಒಂದೆರಡು ಭಾನುವಾರಗಳು ಹಿಡಿಯುವುವು. ಸಾಮಾನಿಗೆ ತಗಲುವ ವೆಚ್ಚ ಹೆಚ್ಚಿನದಲ್ಲ. ಆದರೆ ನಮ್ಮ ದೃಷ್ಟಿಯಲ್ಲಿ ಬೇಲಿಗಿಂತ ಮಿಗಿಲಾದ ಲಾಭವೊಂದು ಇದರಲ್ಲಿದೆ. ಹಳೆಯ ಯಂತ್ರವನ್ನು ಕೊಂಡವನು ಅದರೊಡನೆ ಅದರ ಹಳೆಯ ಸ್ವಭಾವವನ್ನೂ ಕೊಂಡಿರುತ್ತಾನೆ. ಬಲಾತ್ಕಾರದಿಂದ ಅದನ್ನು ನೇರಮಾಡಲು ಹೊರಟವನಿಗೆ ಸುಟ್ಟ ಮರವೂ ಮುರಿದ ಪಟ್ಟಿಯೂ ದೊರೆಯುವುವು. ಅದರ ಓಲನ್ನು ಮೊದಲು ತಾಳ್ಮೆಯಿಂದ ಅರಿತು, ತಿದ್ದಬಹುದಾದುದನ್ನು ತಿದ್ದಿ, ಉಳಿದುದಕ್ಕೆ ತನ್ನ ಬೇಲಿಯನ್ನು ಹೊಂದಿಸಿಕೊಂಡವನಿಗೆ ಅದೇ ಯಂತ್ರವು ಮಕ್ಕಳ ಕಾಲದವರೆಗೂ ನಿಷ್ಠೆಯಿಂದ ದುಡಿಯುವುದು. ಕೆಲಸ ಮುಗಿದ ಮೇಲೆ ಪಟ್ಟಿಯ ಬಿಗಿಯನ್ನು ಸಡಿಲಿಸಿ, ಹುಡಿಯನ್ನು ಗುಡಿಸಿ, ಪ್ಲಗ್ಗನ್ನು ಕಿತ್ತಿಟ್ಟು ಬರುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಬೇಕು.

ಸೀಳಿದ ತೆಳುಹಲಗೆಗಳು ಬಾಗದಂತೆ ಅವನ್ನು ಪೇರಿಸಿ ಒಣಗಿಸುವ ಬಗೆಯನ್ನು ಮುಂದಿನ ತಿಂಗಳು ವಿವರಿಸುವೆವು. ಅಲ್ಲಿಯವರೆಗೆ, ಸೀಳಿದವರು ತಮ್ಮ ಹಲಗೆಗಳ ನಡುನಡುವೆ ಒಂದೇ ದಪ್ಪದ ಕಡ್ಡಿಗಳನ್ನಿಟ್ಟು, ಮೇಲೆ ಭಾರ ಹೇರಿ, ಬಿಸಿಲು ತಾಗದ ಗಾಳಿಯ ಜಾಗದಲ್ಲಿ ಇರಿಸಿಕೊಂಡಿರಲಿ.